ಬದಿಯಡ್ಕದ ಅಡಿಕೆ ಶೆಡ್ಡಿನ ಹಳೇ ಸಿಮೆಂಟ್ ಶೀಟನ್ನು ಏನು ಮಾಡಲಿ?

ಪಾಚಿ ಹಿಡಿದ ಶೀಟನ್ನು ಉಜ್ಜಿ ಪೇಂಟ್ ಹೊಡೆಯುವುದೋ, ಬಿಚ್ಚಿ ಪುಡಿಮಾಡಿ ತೋಟದ ದಾರಿಗೆ ಹಾಕುವುದೋ ಎಂದು ಕೇಳಿದ್ದೀರಿ. ದಯವಿಟ್ಟು ಎರಡೂ ಬೇಡ.

ಈ ಶೀಟುಗಳಲ್ಲಿ ಸುಮಾರು ಹತ್ತನೇ ಒಂದು ಪಾಲು ಕಲ್ನಾರು, ಅಂದರೆ ಆಸ್ಬೆಸ್ಟಾಸ್. ಶೀಟು ಇಡಿಯಾಗಿರುವಷ್ಟು ದಿನ ಅದು ಸಿಮೆಂಟಿನೊಳಗೆ ಕಚ್ಚಿಕೊಂಡಿರುತ್ತದೆ. ನಮ್ಮ ಮಳೆಗೆ ಮೇಲ್ಮೈ ಸವೆದಮೇಲೆ ವೈರ್ ಬ್ರಷ್, ಪ್ರೆಷರ್ ವಾಷರ್ ಹಿಡಿದರೆ ಎಳೆಗಳು ಬಿಡಿಸಿಕೊಳ್ಳುತ್ತವೆ. ಶೀಟು ಕತ್ತರಿಸುವ ಗ್ರೈಂಡರ್ ಅಂತೂ ಎಲ್ಲಕ್ಕಿಂತ ಕೆಟ್ಟದ್ದು. ಕಣ್ಣಿಗೆ ಕಾಣದ ಆ ಎಳೆ ಶ್ವಾಸಕೋಶ ಹೊಕ್ಕರೆ ಅಲ್ಲೇ ಉಳಿಯುತ್ತದೆ. ಕ್ಯಾನ್ಸರ್ ತೋರುವುದು ಎಷ್ಟೋ ಸಲ 20–40 ವರ್ಷ ಕಳೆದಮೇಲೆ. ಕಲ್ನಾರು ಕಾರ್ಖಾನೆಗಳು ಕಾರ್ಮಿಕರ ಆರೋಗ್ಯ ದಾಖಲೆಯನ್ನು ಕನಿಷ್ಠ 40 ವರ್ಷ ಇಡಬೇಕೆಂದು ಸುಪ್ರೀಂ ಕೋರ್ಟ್ 1995ರಲ್ಲಿ ಹೇಳಿತು. ಹಾಗಾಗಿ "ಇಷ್ಟು ವರ್ಷ ಕೊರೆದಿದ್ದೇವೆ, ಏನೂ ಆಗಿಲ್ಲ" ಎಂಬ ಮೇಸ್ತ್ರಿಯ ಮಾತಿಗೆ ಬೆಲೆಯಿಲ್ಲ. ಬೀಡಿ ಸೇದುವ ಕೆಲಸದವರಿಗೆ ಅಪಾಯ ಇನ್ನೂ ಹೆಚ್ಚು.

ಬಿರುಕಿಲ್ಲದಿದ್ದರೆ ಮುಟ್ಟದೆ ಬಿಡಿ. ತೆಗೆಯಲೇಬೇಕಾದರೆ ಮೊದಲು ಅಡಿಕೆ, ಹಿಂಡಿ ಎಲ್ಲ ಹೊರಗೆ ಸಾಗಿಸಿ. ಶೀಟಿನ ಮೇಲೆ ಹತ್ತಲೇಬಾರದು: ಒದ್ದೆಯಾದರೆ ಜಾರುತ್ತದೆ, ಹಳತಾದದ್ದು ಕಾಲಿಟ್ಟಲ್ಲೇ ಒಡೆಯುತ್ತದೆ. ಒಳಗಿನಿಂದ ಅಟ್ಟಣಿಗೆ ಕಟ್ಟಿ. ತೋಟದ ಬೆನ್ನಿನ ಸ್ಪ್ರೇಯರನ್ನು ಚೆನ್ನಾಗಿ ತೊಳೆದು, ನೀರಿಗೆ ಸ್ವಲ್ಪ ಪಾತ್ರೆ ತೊಳೆಯುವ ಸೋಪು ಬೆರೆಸಿ, ಮಂಜಿನಂತೆ ಎರಡೂ ಬದಿಗೆ ಹೊಡೆಯಿರಿ. ಮೇಲ್ಬದಿಗೆ ಅಂಚಿನ ಏಣಿಯಿಂದ. ಸೋಪಿಲ್ಲದ ನೀರು ಎಳೆಗಳೊಳಗೆ ಸರಿಯಾಗಿ ಇಳಿಯುವುದಿಲ್ಲ. ಶೀಟನ್ನು ಪೈಪಿಗೆ ಹಿಡಿದಿಡುವ ಜೆ ಬೋಲ್ಟಿನ ನಟ್ಟು ಮೇಲಿದ್ದರೂ ಕೊಕ್ಕೆ ಪೈಪಿಗೆ ಕಚ್ಚಿಕೊಂಡು ಒಳಗಿರುತ್ತದೆ. ತುಕ್ಕು ಹಿಡಿದ ನಟ್ಟಿನ ಜೊತೆ ಗುದ್ದಾಡಿದರೆ ತೂತಿನ ಸುತ್ತ ಶೀಟು ಸೀಳುತ್ತದೆ. ಅದರ ಬದಲು ಬೋಲ್ಟ್ ಕಟರ್‌ನಿಂದ ಕೊಕ್ಕೆಯನ್ನೇ ಕತ್ತರಿಸಿ. ಇಡೀ ಶೀಟನ್ನು ಇಬ್ಬರು ಕೈಯಿಂದ ಕೈಗೆ ಇಳಿಸಬೇಕು, ಎಸೆಯಬಾರದು.

ಬಟ್ಟೆ ಮಾಸ್ಕ್, ಸರ್ಜಿಕಲ್ ಮಾಸ್ಕ್ ಪ್ರಯೋಜನವಿಲ್ಲ. ಮುಖಕ್ಕೆ ಬಿಗಿಯಾಗಿ ಕೂರುವ, ಅತಿ ಸಣ್ಣ ಕಣವನ್ನೂ ತಡೆಯುವ ಪಿ100 ಫಿಲ್ಟರಿನ ಮಾಸ್ಕ್ ತನ್ನಿ, ಎನ್95 ಸಾಲದು. ಗಡ್ಡವಿದ್ದರೆ ಯಾವುದೂ ಸರಿಯಾಗಿ ಕೂರುವುದಿಲ್ಲ.

ನೆಲವನ್ನು ಒಣ ಕಸಬರಿಕೆಯಿಂದ ಗುಡಿಸದೆ ಒದ್ದೆ ಬಟ್ಟೆಯಲ್ಲಿ ಒರೆಸಿ. ಶೀಟನ್ನೂ ಚೂರುಗಳನ್ನೂ ಆ ಬಟ್ಟೆಯನ್ನೂ ದಪ್ಪ ಪಾಲಿಥಿನ್‌ನಲ್ಲಿ ಎರಡು ಸುತ್ತು ಸುತ್ತಿ, ಟೇಪ್ ಹಚ್ಚಿ, ಮೇಲೆ ಒಳಗೆ ಕಲ್ನಾರು ಇದೆ ಎಂದು ಕನ್ನಡ, ಮಲಯಾಳ ಎರಡರಲ್ಲೂ ಬರೆಯಿರಿ. ಕೇರಳದಲ್ಲಿ ಮನೆಮನೆಯ ಕಸ ಒಯ್ಯುವ ಹರಿತ ಕರ್ಮ ಸೇನೆಯ ಚೀಲಕ್ಕೆ ಹಾಕಬೇಡಿ, ಆ ಹೆಂಗಸರು ಅದನ್ನು ಕೈಯಲ್ಲೇ ವಿಂಗಡಿಸಬೇಕಾಗುತ್ತದೆ. ಎಲ್ಲಿಗೆ ಕೊಡಬೇಕೆಂದು ಪಂಚಾಯತ್ ಕಾರ್ಯದರ್ಶಿಯನ್ನೂ ಮಾಲಿನ್ಯ ನಿಯಂತ್ರಣ ಮಂಡಳಿಯ ಕಾಸರಗೋಡು ಕಚೇರಿಯನ್ನೂ ಬಿಚ್ಚುವ ಮೊದಲೇ ಲಿಖಿತವಾಗಿ ಕೇಳಿ. ಕೆಲಸದ ಬಟ್ಟೆಯನ್ನು ಕೊಡವದೆ ಅಲ್ಲೇ ನೀರಿನಲ್ಲಿ ನೆನೆಹಾಕಿ, ಮನೆಯವರ ಬಟ್ಟೆಯ ಜೊತೆ ಒಗೆಯಬೇಡಿ.