ಬಲೆ ಹರಿದಿಲ್ಲ, ಆದರೂ ಮೀನಿನ ಹೊಟ್ಟೆ ಕಿತ್ತುಹೋಗಿದೆ ಹೇಗೆ?

ಸ್ಕಾಟ್ಲೆಂಡಿನ ಕಡಲಲ್ಲಿ ಸಾಲ್ಮನ್ ಮೀನು ಸಾಕುವ ಬಲೆಯ ಪಂಜರಗಳಲ್ಲಿ ಬಲೆ ಹರಿಯದೆಯೂ ಮೀನಿನ ಹೊಟ್ಟೆ ಕಿತ್ತುಹೋಗುವುದು ಹೇಗೆ, ದಾಳಿ ಮಾಡುವ ಪ್ರಾಣಿಯನ್ನು ಬೆದರಿಸುವ ಶಬ್ದಯಂತ್ರ ಹಾಕಿದರೆ ನಿಲ್ಲುತ್ತದೆಯೇ ಎಂದು ಕೇಳಿದ್ದೀರಿ. ಹಾರ್ಬರ್ ಸೀಲ್ ಎಂಬ ಮೀನು ತಿನ್ನುವ ಕಡಲ ಸಸ್ತನಿ ಒಳಗೆ ಬರಬೇಕಾಗಿಯೇ ಇಲ್ಲ (ಬೂದು ಸೀಲಿನದೂ ಇದೇ ಚಾಳಿ). ಸಡಿಲ ಬಲೆಯನ್ನು ಹೊರಗಿನಿಂದ ಮೂತಿಯಲ್ಲಿ ಒತ್ತಿ, ಬಲೆಯ ಸಮೇತ ಮೀನನ್ನು ಕಚ್ಚಿ ಎಳೆಯುತ್ತದೆ. ಹಾಗಾಗಿ ಮೊದಲು ಬಲೆಯ ಬಿಗಿತ ನೋಡಿ. ಬಲೆಯನ್ನು ಕೆಳಕ್ಕೆ ಎಳೆದು ಹಿಡಿಯುವ ತಳದ ಭಾರದ ಬಳೆ ಹಗುರವಾಗಿದ್ದರೆ ಉಬ್ಬರವಿಳಿತದ ಸೆಳೆತಕ್ಕೆ ಬಲೆ ಒಳಕ್ಕೆ ಬಾಗುತ್ತದೆ, ಸೀಲ್‌ಗೆ ಬೇಕಾದದ್ದೂ ಅದೇ. ತಳದಲ್ಲಿ ಬಿದ್ದ ಸತ್ತ ಮೀನನ್ನು ಆದಷ್ಟು ದಿನವೂ ತೆಗೆಸಿ. ಕೆಳಗಿನಿಂದ ಬರುವ ದಾಳಿಗೆ ಅದು ಆಹ್ವಾನ. ನೈಲಾನ್‌ಗಿಂತ ಗಡುಸಾದ ಪಾಲಿಥಿಲೀನ್ ಬಲೆ ಮೇಲು. ಶಬ್ದಯಂತ್ರವನ್ನು ನೆಚ್ಚಬೇಡಿ: ಸೀಲ್‌ಗಳು ಒಗ್ಗಿಕೊಳ್ಳುತ್ತವೆ, ಸಂಬಂಧವೇ ಇಲ್ಲದ ಪಾರ್ಪಾಯ್ಸ್‌ಗಳು (ಡಾಲ್ಫಿನ್ ಹೋಲುವ ಚಿಕ್ಕ ಕಡಲ ಸಸ್ತನಿಗಳು) ಜಾಗ ಬಿಟ್ಟು ಓಡುತ್ತವೆ. ಮೀನು ರಕ್ಷಣೆಗೆಂದು ಸೀಲ್‌ಗಳಿಗೆ ಗುಂಡು ಹಾರಿಸುವ ಪರವಾನಗಿಯಂತೂ 2021ರ ಫೆಬ್ರವರಿಯಿಂದ ಸಿಗುವುದಿಲ್ಲ.