ಎರಡು ಮಹಡಿ ಹತ್ತಿದರೆ ಏದುಸಿರು, ಸಂಗೀತ ನಾಟಕಕ್ಕೆ ಹೋಗಬಹುದಾ?

ಪ್ರಶ್ನೆ ಕೇಳಿದವರು ತೀರ್ಥಹಳ್ಳಿ ಕಡೆಯವರು. ವಯಸ್ಸು 22. ಎಂಟು ವರ್ಷ ಸುಗಮ ಸಂಗೀತ ಕಲಿತಿದ್ದಾರೆ, ನ್ಯೂಯಾರ್ಕಿನ ಬ್ರಾಡ್‌ವೇ ಮ್ಯೂಸಿಕಲ್‌ಗಳ, ಅಂದರೆ ಹಾಡು ಕುಣಿತದ ನಾಟಕಗಳ ತುಣುಕು ನೋಡಿ ನೋಡಿ ಹುಚ್ಚು ಹಿಡಿದಿದೆ. ತೂಕ 84 ಕಿಲೋ, ಎರಡು ಮಹಡಿ ಹತ್ತಿದರೆ ಏದುಸಿರು. ಶಾಲೆಯ ವಾರ್ಷಿಕೋತ್ಸವದಲ್ಲಿ ಹಿಂದಿನ ಸಾಲಲ್ಲಿ ಕುಣಿದದ್ದು ಬಿಟ್ಟರೆ ನೃತ್ಯದ ಗಂಧವಿಲ್ಲ. ಅಮ್ಮ ಬಿ.ಎಡ್. ಮಾಡು ಅನ್ನುತ್ತಿದ್ದಾರೆ. "ನನ್ನಂಥವಳಿಗೆ ಇದು ಆಗೋದಾ, ಸುಮ್ಮನೆ ಕನಸಾ?" ಅಂತ ಕೇಳಿದ್ದಾರೆ.

ಆಗ್ತದೆ. ತೂಕದ ಬಗ್ಗೆ, ಕುಣಿತದ ಬಗ್ಗೆ ನಿಮಗಿರುವ ಹೆದರಿಕೆಯಲ್ಲಿ ಅರ್ಧಕ್ಕರ್ಧ ಬೇಡದ್ದು. ಕೆಲಸ ಆಗಬೇಕಾಗಿರುವುದು ಉಸಿರಿನ ಮೇಲೆ.

ನಾನು ಸಾಗರದ ಕಡೆಯವಳು. ಒಂದು ವರ್ಷ ರಂಗಶಿಕ್ಷಣ ಮುಗಿಸಿ, ಊರೂರು ತಿರುಗುವ ತಂಡವೊಂದರಲ್ಲಿ ಎರಡು ವರ್ಷ ಇದ್ದೆ. ಈಗ ಶಿವಮೊಗ್ಗದಲ್ಲಿ ಮಕ್ಕಳಿಗೆ ನಾಟಕ, ಹಾಡು ಕಲಿಸಿಕೊಂಡಿದ್ದೇನೆ. ಆಗ ನನ್ನ ತೂಕ 78. ಈಗಿನದು ಕೇಳಬೇಡಿ ಮಾರಾಯ್ರೆ.

ಆ ತಿರುಗಾಟದ ಮೊದಲ ತಿಂಗಳಲ್ಲೇ ಒಂದು ಘಟನೆ. ಹಾವೇರಿ ಕಡೆಯ ಒಂದೂರಲ್ಲಿ, ಶಾಲೆಯ ಬಯಲಲ್ಲಿ ಆಟ. ನಾನು ಮೇಳದಲ್ಲಿದ್ದೆ, ಅಂದರೆ ಗುಂಪಾಗಿ ಹಾಡುವವರಲ್ಲಿ ಒಬ್ಬಳು. ಬಿದಿರಿನ ಪಲ್ಲಕ್ಕಿಗೆ ಹೆಗಲು ಕೊಟ್ಟು ರಂಗಕ್ಕೆ ಎರಡು ಸುತ್ತು ಓಡಿ, ಮುಂದೆ ಬಂದು ನಿಂತು ಎರಡು ಸಾಲು ಒಬ್ಬಳೇ ಹಾಡಬೇಕು. ತಾಲೀಮಿನಲ್ಲಿ ಹೇಗೋ ತಳ್ಳಿದ್ದೆ. ಆವತ್ತು ನೆಲ ಏರುತಗ್ಗು, ಎದುರುಗಾಳಿ ಬೇರೆ. ಮೊದಲ ಸಾಲು ಬಂತು. ಎರಡನೇ ಸಾಲಲ್ಲಿ ಒಂದು ಪದ ನಡುವೆಯೇ ಮುರಿದು, ಉಳಿದರ್ಧ ಗಂಟಲಿಂದ ಹೊರಗೇ ಬರಲಿಲ್ಲ. ಹಾರ್ಮೋನಿಯಂ ನುಡಿಸುತ್ತಿದ್ದವರು ಕನ್ನಡಕದ ಮೇಲಿಂದ ನನ್ನನ್ನೊಮ್ಮೆ ನೋಡಿ, ಆ ಸಾಲಿನ ಸ್ವರವನ್ನೇ ಇನ್ನೊಂದು ಆವರ್ತ ಎಳೆದರು. ತಬಲಾ ಅವರ ಹಿಂದೆಯೇ ಹೋಯಿತು. ಆ ಎಂಟು ಮಾತ್ರೆಯಲ್ಲಿ ನಾನು ಉಸಿರು ತಂದುಕೊಂಡೆ. ಪ್ರೇಕ್ಷಕರಿಗೆ ಗೊತ್ತೇ ಆಗಲಿಲ್ಲ. ರಾತ್ರಿ ಲೈಟುಗಳನ್ನು ಲಾರಿಗೆ ಏರಿಸುವಾಗ ಅವರು ಬೈಯುತ್ತಾರೆ ಅಂದುಕೊಂಡಿದ್ದೆ. "ಕೂತು ಹಾಡಿ ಕಲಿತದ್ದಲ್ವಾ ನೀನು? ಹಾಗೇ ಆಗ್ತದೆ" ಅಂದರು, ಅಷ್ಟೇ.

ನೀವೂ ಚಾಪೆ ಮೇಲೆ ಶ್ರುತಿಪೆಟ್ಟಿಗೆ ಎದುರಿಟ್ಟುಕೊಂಡೇ ಎಂಟು ವರ್ಷ ಕಲಿತಿರಬೇಕು. ಕಂಠ ತಯಾರಾಗಿದೆ. ಆದರೆ ಕಾಲು ಕೆಲಸ ಮಾಡುವಾಗ ಹಾಡುವುದು ಹೇಗೆ ಅಂತ ಮೈಗೆ ಯಾರೂ ಹೇಳಿಕೊಟ್ಟಿಲ್ಲ.

ಇದು ಎಷ್ಟು ಕಷ್ಟದ ಕೆಲಸ ಅಂತ ನಮ್ಮ ಹಿಂದಿನವರಿಗೆ ಚೆನ್ನಾಗಿ ಗೊತ್ತಿತ್ತು. ಬಡಗುತಿಟ್ಟಿನ ಯಕ್ಷಗಾನದ ಆಟ ನೋಡಿದ್ದೀರಲ್ಲ, ಅಲ್ಲಿ ಪದ್ಯ ಹೇಳುವುದು ಕೂತ ಭಾಗವತರು, ಕುಣಿಯುವುದು ವೇಷಧಾರಿ. ಪ್ರವೇಶದ ಕುಣಿತ ಮುಗಿಸಿದವನು ತಕ್ಷಣ ಮಾತಿಗೆ ಬೀಳುವುದಿಲ್ಲ, ಭಾಗವತರು ಪದ್ಯ ಎತ್ತುತ್ತಾರೆ. ನಮಗೆ ಅದು ಕಥೆ ಮುಂದೆ ಹೋದ ಹಾಗೆ ಕಾಣುತ್ತದೆ, ಆತನಿಗೆ ಉಸಿರು ಕೂಡಿಸಿಕೊಳ್ಳಲು ಸಿಕ್ಕ ಹೊತ್ತು ಅದು. ಕಂಪನಿ ನಾಟಕಗಳಲ್ಲಿ ನಟರೇ ಹಾಡುತ್ತಿದ್ದರು ನಿಜ, ಆದರೆ ರಂಗದ ಮುಂದೆ ಬಂದು ನಿಂತು ಹಾಡಿ, 'ಒನ್ಸ್ ಮೋರ್' ಬಂದರೆ ಇನ್ನೊಮ್ಮೆ ಹಾಡುತ್ತಿದ್ದರು. ಗುಬ್ಬಿ ಕಂಪನಿಯಲ್ಲಿ ಹುಡುಗನಾಗಿದ್ದಾಗಲೇ ಸೇರಿ ಬೆಳೆದ ಬಿ.ವಿ. ಕಾರಂತರು ಮುಂದೆ ಹಾಡನ್ನು ಇಡೀ ಮೇಳದ ಮೈಗೆ ಹಂಚಿದರು. ಪು.ತಿ.ನ. ಅವರ 'ಗೋಕುಲ ನಿರ್ಗಮನ'ದಂಥ ಗೀತನಾಟಕವನ್ನು ಅವರು ರಂಗಕ್ಕೆ ತಂದದ್ದು ಹಾಗೆ. ಮೇಳದಲ್ಲಿ ಹಾಡುವುದರ ದೊಡ್ಡ ಅನುಕೂಲ ಒಂದಿದೆ: ಪಕ್ಕದವಳು ಹಾಡುತ್ತಿರುವಾಗ ನೀವು ಕದ್ದು ಉಸಿರು ತೆಗೆದುಕೊಳ್ಳಬಹುದು. ಇಬ್ಬರೂ ಒಟ್ಟಿಗೆ ತೆಗೆದುಕೊಂಡರೆ ಮಾತ್ರ ಹಾಡಿಗೆ ತೂತು ಬೀಳುತ್ತದೆ.

ಬ್ರಾಡ್‌ವೇ ಪದ್ಧತಿಯಲ್ಲಿ ಮಾತು, ಹಾಡು, ಕುಣಿತ ಮೂರೂ ಒಬ್ಬರದೇ, ವಾರಕ್ಕೆ ಎಂಟು ಪ್ರದರ್ಶನ. ಅದನ್ನು ನೋಡಿ ನೀವು ಹೆದರಿದ್ದು ಸಹಜ. ಆದರೆ ಅಲ್ಲೂ ಆಡಿಷನ್‌ನಲ್ಲಿ ಹಾಡುಗಾರರ ಕರೆ ಬೇರೆ, ನೃತ್ಯಗಾರರ ಕರೆ ಬೇರೆ ಇರುತ್ತದೆ. ಚೆನ್ನಾಗಿ ಹಾಡಿ, ತಾಳ ತಪ್ಪದೆ ಓಡಾಡಬಲ್ಲವರಿಗೆ ಅಲ್ಲಿಯೂ ಜಾಗ ಇದೆ. ನಮ್ಮಲ್ಲಿ 2016ರಲ್ಲಿ ಮುಂಬಯಿಯಲ್ಲಿ ಶುರುವಾದ 'ಮುಘಲ್-ಎ-ಆಜಂ' ನಾಟಕದಲ್ಲಿ ಮುಖ್ಯ ಪಾತ್ರದವರು ರಂಗದ ಮೇಲೆಯೇ ಹಾಡಿದರೂ, ಕಥಕ್‌ನ ಭಾರವನ್ನೆಲ್ಲ ಹೊತ್ತದ್ದು ನರ್ತಕಿಯರ ದೊಡ್ಡ ತಂಡ. ಆ ಕುಣಿತವನ್ನು ಸಂಯೋಜಿಸಿದ ಮಯೂರಿ ಉಪಾಧ್ಯ ನಮ್ಮ ಬೆಂಗಳೂರಿನವರು.

ಇನ್ನು ನಿಮ್ಮ ಏದುಸಿರಿಗೆ ಬರೋಣ. ಜಿಮ್ಮಿಗೆ ದುಡ್ಡು ಕಟ್ಟುವ ಮೊದಲು ರಕ್ತ ಪರೀಕ್ಷೆ ಮಾಡಿಸಿ. ನಾನು ಇದನ್ನು ಒಂದು ವರ್ಷ ತಡವಾಗಿ ಮಾಡಿಸಿದೆ. ಎಲ್ಲರೂ "ದಪ್ಪ ಇದ್ದೀಯ, ಅದಕ್ಕೇ" ಅನ್ನುತ್ತಿದ್ದರು, ನಾನೂ ನಂಬಿದ್ದೆ. ನೋಡಿದರೆ ಹಿಮೋಗ್ಲೋಬಿನ್ 9.2. ಹೆಂಗಸರಿಗೆ 12ಕ್ಕಿಂತ ಕಡಿಮೆ ಇದ್ದರೆ ರಕ್ತಹೀನತೆ ಅಂತಲೇ ಲೆಕ್ಕ. ಡಾಕ್ಟರು ಕೊಟ್ಟ ಕಬ್ಬಿಣದ ಮಾತ್ರೆ ನುಂಗಿದೆ, ಮೂರು ತಿಂಗಳು ಕಳೆಯುವಷ್ಟರಲ್ಲಿ ತೂಕ ಒಂದು ಕಿಲೋನೂ ಇಳಿಯದೆ ಮೆಟ್ಟಿಲು ಸಲೀಸಾಯಿತು. ನಿಮ್ಮದೂ ಅದೇ ಅಂತ ನಾನು ಹೇಳಲಾರೆ. ಥೈರಾಯ್ಡ್, ಉಬ್ಬಸ ಏನಾದರೂ ಇದ್ದರೂ ಈಗಲೇ ಗೊತ್ತಾಗಲಿ.

ಆಮೇಲೆ ನಡಿಗೆ. ವ್ಯಾಯಾಮ ಹೇಳಿಕೊಡುವವರು ಒಂದು ಸುಲಭದ ಅಳತೆ ಹೇಳುತ್ತಾರೆ: ಮಾತಾಡಲು ಆಗುತ್ತದೆ, ಹಾಡಲು ಆಗುವುದಿಲ್ಲ ಅಂದರೆ ಅದು ಮಧ್ಯಮ ಶ್ರಮ. ನಾಲ್ಕು ಪದಕ್ಕೆ ಒಮ್ಮೆ ಉಸಿರಿಗೆ ನಿಲ್ಲಬೇಕಾದರೆ ಅದು ತೀವ್ರ ಶ್ರಮ. ಬೇರೆಯವರು ಹಾಡಲು ಆಗದ ಆ ಗೆರೆ ಇದೆಯಲ್ಲ, ನಮ್ಮ ಕೆಲಸ ಶುರುವಾಗುವುದೇ ಅಲ್ಲಿಂದ. ದಿನ ಬಿಟ್ಟು ದಿನ ಇಪ್ಪತ್ತು ನಿಮಿಷ ಏರುದಾರಿಯಲ್ಲಿ ನಡೆಯಿರಿ, ಚೆನ್ನಾಗಿ ಬರುವ ಒಂದೇ ಹಾಡನ್ನು ಹೇಳಿಕೊಳ್ಳುತ್ತಾ. ನನಗೆ ಮನೆ ಹಿಂದಿನ ಅಡಿಕೆ ತೋಟದಿಂದ ಅಂಗಳಕ್ಕೆ ಬರುವ ಜಂಬಿಟ್ಟಿಗೆ ಮೆಟ್ಟಿಲುಗಳೇ ಸಾಲುತ್ತಿದ್ದವು. ಮಳೆಗಾಲದಲ್ಲಿ ಪಾಚಿ ಕಟ್ಟಿ ಜಾರುತ್ತವೆ, ಆಗ ಮನೆಯೊಳಗೇ ಒಂದು ಮಣೆ ಹತ್ತಿ ಇಳಿದರೂ ಸಾಕು. ಹಾಡಿನ ಸಾಹಿತ್ಯ ಬರೆದುಕೊಂಡು ಎಲ್ಲೆಲ್ಲಿ ಉಸಿರು ತೆಗೆಯುತ್ತೀರಿ ಅಂತ ಪೆನ್ಸಿಲಿನಲ್ಲಿ ಗುರುತು ಹಾಕಿ. ಕೂತು ಹಾಡುವಾಗ ನಾಲ್ಕು ಗುರುತು ಬಿದ್ದರೆ ಏರು ಹತ್ತುವಾಗ ಒಂಬತ್ತಾಗುತ್ತದೆ. ಅದರಲ್ಲಿ ನಾಚಿಕೆ ಎಂಥದೂ ಇಲ್ಲ. ಆ ಒಂಬತ್ತೂ ಪದದ ನಡುವೆ ಬೀಳದೆ ಪದದ ಕೊನೆಯಲ್ಲಿ ಬೀಳುವ ಹಾಗೆ ನೋಡಿಕೊಳ್ಳಿ, ಸಾಕು. ಇನ್ನೊಂದು ವಿಷಯ. ಏದುಸಿರು ಬಂದಾಗ ಎಲ್ಲರೂ ಗಾಳಿ ಎಳೆಯಲು ನೋಡುತ್ತಾರೆ, ಭುಜ ಮೇಲೇರುತ್ತದೆ, ಗಂಟಲು ಬಿಗಿಯುತ್ತದೆ. ಮೊದಲು ಪೂರ್ತಿ ಹೊರಗೆ ಬಿಡಿ, 'ಸ್' ಅಂತ ಎಂಟು ಎಣಿಸುವ ತನಕ. ಆಮೇಲೆ ಒಳಗೆ ಬರುವ ಉಸಿರು ತಾನಾಗಿಯೇ ಪಕ್ಕೆಯ ತಳಕ್ಕೆ ಇಳಿಯುತ್ತದೆ.

ಕುಣಿತ. ಸುಗಮ ಸಂಗೀತ ಕಲಿತವರಿಗೆ ಕಿವಿಯಲ್ಲಿ ತಾಳ ಇರುತ್ತದೆ, ಕಾಲಿಗೆ ಇಳಿದಿರುವುದಿಲ್ಲ. ನನ್ನ ಅಭಿಪ್ರಾಯ ಕೇಳಿದರೆ ಸಿನಿಮಾ ಹಾಡಿಗೆ ಸ್ಟೆಪ್ ಹೇಳಿಕೊಡುವ ಕ್ಲಾಸಿಗಿಂತ ಮೊದಲು ಒಂದು ವರ್ಷ ಯಕ್ಷಗಾನದ ಹೆಜ್ಜೆ ಕಲಿಯಿರಿ. ನಿಮ್ಮ ಸೀಮೆಯಲ್ಲಿ ಕಲಿಸುವವರಿಗೆ ಬರವಿಲ್ಲ. ಏಕ, ಝಂಪೆ, ರೂಪಕ, ಅಷ್ಟ ಅಂತ ತಾಳವನ್ನು ಬಾಯಲ್ಲಿ ಹೇಳಿಕೊಂಡೇ ಕಾಲು ಹಾಕಿಸುತ್ತಾರೆ. ಬಾಯಿ, ಕಾಲು ಎರಡನ್ನೂ ಒಟ್ಟಿಗೆ ದುಡಿಸುವ ಪಾಠ ನಿಮಗೆ ಅದಕ್ಕಿಂತ ಹೊಂದುವುದು ಸಿಗಲಿಕ್ಕಿಲ್ಲ. ಮಂಡಿ ಹಾಕುವುದಕ್ಕೆ, ಅಂದರೆ ಮೊಣಕಾಲೂರಿ ಗಿರಕಿ ಹೊಡೆಯುವುದಕ್ಕೆ ಮಾತ್ರ ಅವಸರ ಮಾಡಬೇಡಿ, ನಿಮ್ಮ ನನ್ನ ತೂಕಕ್ಕೆ ರೆಡ್ ಆಕ್ಸೈಡ್ ನೆಲದ ಮೇಲೆ ಮೊಣಕಾಲು ಹೋದರೆ ಹೋದ ಹಾಗೇ. ತೊಡೆಗೆ ಬಲ ಬರುವ ತನಕ ಜಿಗಿತವೂ ಬೇಡ.

ಆಡಿಷನ್‌ನಲ್ಲಿ ನೋಡುವುದು ನಿಮಗೆ ಎಷ್ಟು ಕುಣಿತ ಬರುತ್ತದೆ ಅಂತ ಅಲ್ಲ. ಈಗ ತೋರಿಸಿದ್ದನ್ನು ಹತ್ತು ನಿಮಿಷದಲ್ಲಿ ಹಿಡಿಯುತ್ತೀರಾ ಅಂತ. ಮೊದಲು ಕಾಲು ಮಾತ್ರ ಹಿಡಿಯಿರಿ, ಕೈ ಆಮೇಲೆ ಬರುತ್ತದೆ. ತಪ್ಪಿದ ತಕ್ಷಣ ನಾಲಿಗೆ ಕಚ್ಚಿ ಅಕ್ಕಪಕ್ಕ ನೋಡುವ ಅಭ್ಯಾಸ ಇದ್ದರೆ ಇವತ್ತೇ ಬಿಡಿ. ನನ್ನ ಶಿಬಿರಕ್ಕೆ ಬರುವ ಮಕ್ಕಳಲ್ಲಿ ಹೆಜ್ಜೆ ತಪ್ಪಿದವರು ಸಿಕ್ಕಿಬೀಳುವುದು ಕಾಲಿನಿಂದ ಅಲ್ಲ, ಮುಖದಿಂದ.

ತೂಕದ ಮಾತನ್ನು ಆಡುವವರು ಸಿಕ್ಕೇ ಸಿಗುತ್ತಾರೆ, ಸುಳ್ಳು ಹೇಳುವುದಿಲ್ಲ. "ರಾಣಿ ಪಾತ್ರಕ್ಕೆ ನೀನು ಆಗೋಲ್ಲ, ದಾಸಿ ಮಾಡು" ಅಂತ ನಿರ್ದೇಶಕರೊಬ್ಬರು ಎಲ್ಲರ ಎದುರು ನನಗೆ ಹೇಳಿದ್ದರು. ರಾಣಿಯಾದವಳ ಹಾಡುಗಳನ್ನು ಪರದೆಯ ಹಿಂದೆ ನಿಂತು ನಾನೇ ಹಾಡಿದೆ. ಆ ಸಿಟ್ಟು ಇವತ್ತಿಗೂ ಪೂರ್ತಿ ಹೋಗಿಲ್ಲ.

ಎಲ್ಲಿ ಕಲಿಯುವುದು ಅಂದರೆ ನಿಮ್ಮ ಪುಣ್ಯ, ಜಿಲ್ಲೆ ಬಿಟ್ಟು ಹೋಗಬೇಕಿಲ್ಲ. ಹೆಗ್ಗೋಡಿನ ನೀನಾಸಂನಲ್ಲಿ 1980ರಿಂದ ಒಂದು ವರ್ಷದ ರಂಗಶಿಕ್ಷಣ ನಡೆಯುತ್ತಿದೆ, ಅಲ್ಲೇ ಉಳಿದು ಕಲಿಯುವಂಥದ್ದು. 1985ರಿಂದ ಅವರ 'ತಿರುಗಾಟ' ತಂಡ ನಾಡೆಲ್ಲ ಸುತ್ತುತ್ತಿದೆ. ಶಿವಮೊಗ್ಗದಲ್ಲಿ ಸರ್ಕಾರದ ನಾಟಕ ಸಂಸ್ಥೆ ರಂಗಾಯಣ ಇದೆ. ಇಲ್ಲಿ ಯಾರೂ ನಿಮ್ಮನ್ನು ಬ್ರಾಡ್‌ವೇಗೆ ತಯಾರು ಮಾಡುವುದಿಲ್ಲ. ಜಾಸ್, ಬ್ಯಾಲೆ ಬೇಕು ಅನ್ನಿಸಿದರೆ ಅದಕ್ಕೆ ಮುಂದೆ ಬೆಂಗಳೂರಿಗೆ ಹೋಗಬೇಕಾದೀತು. ಆದರೆ ಬೆಳಿಗ್ಗೆ ಎದ್ದು ಮೈ ದುಡಿಸಿ, ಮಧ್ಯಾಹ್ನ ಹಾಡಿ, ಸಂಜೆ ತಾಲೀಮು ಮಾಡಿ, ರಾತ್ರಿ ರಂಗ ಗುಡಿಸುವ ದಿನಚರಿ ಒಂದು ವರ್ಷ ಒಗ್ಗುತ್ತದಾ ಅಂತ ಮೊದಲು ಗೊತ್ತಾಗಲಿ.

ಅಮ್ಮನ ಮಾತನ್ನು ತೆಗೆದುಹಾಕಬೇಡಿ. ಬರೀ ರಂಗಭೂಮಿಯಿಂದ ಮನೆ ನಡೆಸುವವರು ಕೈಬೆರಳೆಣಿಕೆಯಷ್ಟು. ನನ್ನ ಬಾಡಿಗೆ ಕಟ್ಟುವುದು ಶಾಲೆಗಳ ನಾಟಕ, ಬೇಸಿಗೆ ಶಿಬಿರ. ಬಿ.ಎಡ್. ಇದ್ದ ಗೆಳತಿಯರಿಗೆ ಅದೇ ಕೆಲಸಕ್ಕೆ ನನಗಿಂತ ಹೆಚ್ಚು ಸಿಗುತ್ತದೆ. ಯಾವುದು ಮೊದಲು ಅಂತ ಮನೆಯಲ್ಲಿ ಜಗಳ ಮಾಡಿಕೊಳ್ಳಿ, ಎರಡರಲ್ಲಿ ಒಂದು ಅಂತ ಮಾತ್ರ ಮಾಡಿಕೊಳ್ಳಬೇಡಿ.

ರಕ್ತ ಪರೀಕ್ಷೆಯ ರಿಪೋರ್ಟ್ ಸರಿ ಬಂದ ಮೇಲೆ ಒಂದು ಬೆಳಿಗ್ಗೆ ನಿಮ್ಮ ಕಡೆಯ ಕುಂದಾದ್ರಿ ಬೆಟ್ಟಕ್ಕೆ ಹೋಗಿ. ಬೈಕು ಕೆಳಗೇ ನಿಲ್ಲಿಸಿ, ಟಾರು ರಸ್ತೆಯಲ್ಲಿ ನಿಧಾನಕ್ಕೆ ಹತ್ತಿ, ಫೋನಿನಲ್ಲಿ ರೆಕಾರ್ಡ್ ಹಾಕಿಕೊಂಡು ಹಾಡುತ್ತಾ. ಎಲ್ಲಿ ಪದ ಮುರಿಯಿತು ಅಂತ ಗುರುತು ಮಾಡಿಟ್ಟುಕೊಂಡು, ಮೂರು ತಿಂಗಳು ಬಿಟ್ಟು ಅದೇ ಹಾಡನ್ನು ಅದೇ ರಸ್ತೆಯಲ್ಲಿ ಇನ್ನೊಮ್ಮೆ ಹಾಡಿ. ಯಾವ ತಿರುವಿನ ತನಕ ಬಂತು ಅಂತ ನನಗೂ ತಿಳಿಸಿ.