ಗಾಡಿ ಮಾತು: ಯಜಮಾನರಿಗೆ ಫಾರ್ಚೂನರ್ ಮೇಲೆ ಜೀವ

ಪ್ರಶ್ನೆ: ಮನೆಯಲ್ಲಿ ನಾವು ಆರು ಜನ. ನಾನು, ಯಜಮಾನರು, ಅತ್ತೆ, ಮಾವ, 11 ಮತ್ತು 7 ವರ್ಷದ ಇಬ್ಬರು ಮಕ್ಕಳು. ರಜೆ ಸಿಕ್ಕಾಗಲೆಲ್ಲ ಟೆಂಟು, ಸ್ಟೌ ಕಟ್ಟಿಕೊಂಡು ಕೊಡಚಾದ್ರಿ, ಕುದುರೆಮುಖ, ದಾಂಡೇಲಿ ಸುತ್ತುವ ಆಸೆ. ಸೆಕೆಂಡ್ ಹ್ಯಾಂಡ್ ದೊಡ್ಡ ಗಾಡಿಗೆಂದು 11 ಲಕ್ಷ ಎತ್ತಿಟ್ಟಿದ್ದೇವೆ. ಎರಡು ಗಾಡಿ ನೋಡಿ ಬಂದಿದ್ದೇವೆ. ಒಂದು 2013ರ ಫಾರ್ಚೂನರ್ ಫೋರ್ ಬೈ ಫೋರ್ (ನಾಲ್ಕೂ ಚಕ್ರಕ್ಕೆ ಎಂಜಿನ್ ಬಲ ಹೋಗುವಂಥದ್ದು), 1.72 ಲಕ್ಷ ಕಿ.ಮೀ. ಓಡಿದೆ, ದೆಹಲಿ ನಂಬರ್, 10.75 ಲಕ್ಷ ಹೇಳುತ್ತಿದ್ದಾರೆ. ಇನ್ನೊಂದು 2018ರ ಟಾಟಾ ಹೆಕ್ಸಾ ಫೋರ್ ಬೈ ಫೋರ್, 84 ಸಾವಿರ ಕಿ.ಮೀ., ನಮ್ಮದೇ ಕೆಎ 17, 8.9 ಲಕ್ಷ. ಯಜಮಾನರಿಗೆ ಫಾರ್ಚೂನರ್ ಮೇಲೆ ಜೀವ. ಯಾವುದು ತೆಗೆದುಕೊಳ್ಳೋಣ?
– ಓದುಗರೊಬ್ಬರು, ದಾವಣಗೆರೆ

ಉತ್ತರ: ಹೆಕ್ಸಾ ತೆಗೆದುಕೊಳ್ಳಿ ಮೇಡಂ. ಕಾರಣ ಹೇಳುತ್ತೇನೆ, ಯಜಮಾನರಿಗೂ ಓದಿ ಹೇಳಿ.

ಫಾರ್ಚೂನರ್ ಕೆಟ್ಟ ಗಾಡಿಯಲ್ಲ. ಆ ಮೂರು ಲೀಟರಿನ ಡೀಸೆಲ್ ಎಂಜಿನ್ನನ್ನು ಹಾಸನದ ನನ್ನ ಗ್ಯಾರೇಜಿನಲ್ಲಿ ಬಿಚ್ಚಿದ್ದೇ ಕಡಿಮೆ, ಕೆಟ್ಟರೆ ತಾನೇ ಬಿಚ್ಚೋದು! ಆದರೆ ನೀವು ನೋಡಿರುವುದು ದೆಹಲಿಯದ್ದು. ಹತ್ತು ವರ್ಷ ದಾಟಿದ ಡೀಸೆಲ್ ಗಾಡಿ ದೆಹಲಿಯಲ್ಲಿ ಓಡಬಾರದೆಂದು 2015ರಲ್ಲಿ ಹಸಿರು ನ್ಯಾಯಮಂಡಳಿ ಆದೇಶ ಮಾಡಿದ ಮೇಲೆ ಅಲ್ಲಿನ ದೊಡ್ಡ ಗಾಡಿಗಳೆಲ್ಲ ದಕ್ಷಿಣಕ್ಕೆ ಇಳಿಯತೊಡಗಿದವು. ಅಗ್ಗ ಕಾಣುವುದು ಅದಕ್ಕೇ. ಅವರು ಹೇಳುವ 10.75 ಲಕ್ಷಕ್ಕೆ ಲೆಕ್ಕ ಮುಗಿಯುವುದಿಲ್ಲ. ದೆಹಲಿಯಿಂದ ಎನ್‌ಒಸಿ (ನಿರಾಕ್ಷೇಪಣಾ ಪತ್ರ) ತಂದು ಇಲ್ಲಿ ಮರು ನೋಂದಣಿ ಆಗಬೇಕು, ನಮ್ಮ ರಾಜ್ಯದ ತೆರಿಗೆ ಕಟ್ಟಬೇಕು. ಅದೆಷ್ಟೆಂದು ಆರ್‌ಟಿಒದಲ್ಲಿ ಕೇಳದೆ ಮುಂಗಡ ಕೊಡಬೇಡಿ. ಇಷ್ಟೆಲ್ಲ ಮಾಡಿದರೂ 15 ವರ್ಷದ ಆರ್‌ಸಿ (ನೋಂದಣಿ ಪತ್ರ) 2028ಕ್ಕೆ ಮುಗಿಯುತ್ತದೆ. ಆಮೇಲೆ ಐದೈದು ವರ್ಷಕ್ಕೊಮ್ಮೆ ಫಿಟ್‌ನೆಸ್ ತಪಾಸಣೆ.

ಇನ್ನು ಜಾಗದ ಮಾತು. ಆ ಹಳೇ ಫಾರ್ಚೂನರಿನ ಮೂರನೇ ಸಾಲಿನ ಸೀಟುಗಳು ನೆಲಕ್ಕೆ ಮಲಗುವುದಿಲ್ಲ. ಎರಡು ಹೋಳಾಗಿ ಮೇಲೆದ್ದು ಅಕ್ಕಪಕ್ಕದ ಕಿಟಕಿಗೆ ಆತು ನೇತಾಡುತ್ತವೆ, ಟೆಂಟಿನ ಜಾಗ ಅಲ್ಲೇ ಹೋಯಿತು. ಹೆಕ್ಸಾದಲ್ಲಿ ಅರ್ಧ ಸೀಟು ಮಡಚಿ ಸಾಮಾನು ಪೇರಿಸಿ, ಉಳಿದರ್ಧದಲ್ಲಿ ದೊಡ್ಡ ಮಗುವನ್ನು ಕೂರಿಸಬಹುದು. ಚಿಕ್ಕ ಮಗು ಮಾತ್ರ ಹಿಂದೆ ಬೇಡ. ಚಾರ್ಮಾಡಿಯಲ್ಲಿ ನಾಲ್ಕನೇ ತಿರುವಿಗೇ ವಾಂತಿ ಶುರುವಾಗುತ್ತದೆ, ತೊಳೆದವನಿಗೆ ಗೊತ್ತು. ಗಾಡಿ ನೋಡಲು ಹೋಗುವಾಗ ಅತ್ತೆಯವರನ್ನೂ ಕರೆದುಕೊಂಡು ಹೋಗಿ, ಎರಡಕ್ಕೂ ಹತ್ತಿಸಿ ಇಳಿಸಿ ನೋಡಿ. ಮಂಡಿ ಅವರದ್ದು.

ಹೆಕ್ಸಾದ ಕೊರತೆಯನ್ನೂ ಮುಚ್ಚಿಡುವುದಿಲ್ಲ. ಅದರ ಫೋರ್ ಬೈ ಫೋರಿಗೆ ಕಡಿದಾದ ದಾರಿಯನ್ನು ತೆವಳುತ್ತಾ ಹತ್ತಲು ಬೇಕಾದ ಲೋ ಗೇರ್ ಇಲ್ಲ. ಹೋಮ್‌ಸ್ಟೇಯ ಕೆಸರು ದಾರಿಗೆ ಸಾಕು, ಕೊಡಚಾದ್ರಿಯ ಕಲ್ಲುದಾರಿಗೆ ಸಾಲದು. ಆ ದಾರಿಗೆ ಅಲ್ಲಿನ ಜೀಪಿನವರೇ ಇದ್ದಾರಲ್ಲ. ನಿಮ್ಮ ಗಾಡಿಯನ್ನು ಕೆಳಗೆ ನೆರಳಲ್ಲಿ ನಿಲ್ಲಿಸಿ ಅವರ ಜೀಪು ಹತ್ತಿ. ಕುದುರೆಮುಖ ರಾಷ್ಟ್ರೀಯ ಉದ್ಯಾನ, ಕಂಡಕಂಡಲ್ಲಿ ಟೆಂಟು ಹೊಡೆಯಲು ಬಿಡುವುದಿಲ್ಲ. ಹೋಮ್‌ಸ್ಟೇ ಅಂಗಳದಲ್ಲಿ ಹೊಡೆಯಿರಿ. ಹೆಕ್ಸಾ 2020ಕ್ಕೆ ನಿಂತುಹೋದ ಗಾಡಿ ನಿಜ, ಆದರೆ ಅದೇ 2.2 ಲೀಟರ್ ಎಂಜಿನ್ ಸಫಾರಿ ಸ್ಟಾರ್ಮ್‌ನಲ್ಲೂ ಇತ್ತು. ಎಂಜಿನ್ ಕೆಲಸ ಗೊತ್ತಿರುವ ಮೇಸ್ತ್ರಿಗಳಿದ್ದಾರೆ. ಹೆಡ್‌ಲೈಟು, ಬಂಪರಿನಂಥದ್ದಕ್ಕೆ ಕಾಯಬೇಕಾದೀತು. 19 ಇಂಚಿನ ಚಕ್ರವಿದ್ದರೆ ಟಯರ್ ಸೆಟ್ಟು ಕೈ ಸುಡುತ್ತದೆ. ಟಯರಿನ ಪಕ್ಕದಲ್ಲಿ ನಾಲ್ಕು ಅಂಕಿ ಒತ್ತಿರುತ್ತಾರೆ. 2218 ಅಂದರೆ 2018ರ 22ನೇ ವಾರ ತಯಾರಾದದ್ದು. ಅಷ್ಟು ಹಳೆಯದಿದ್ದರೆ ನಾಲ್ಕು ಟಯರಿನ ದುಡ್ಡು ರೇಟಿನಿಂದ ಕಳೆಯಿರಿ.

ಒಂದು ಕೆಲಸ ಮಾತ್ರ ತಪ್ಪಿಸಬೇಡಿ: ಎಲ್ಲಾ ಸೀಟ್‌ಬೆಲ್ಟುಗಳನ್ನೂ ಕೊನೆಯ ತನಕ ಎಳೆದು ನೋಡಿ. 2019ರಲ್ಲಿ ನನ್ನ ಭಾವಮೈದನಿಗೆ ಕೇರಳದ ಕಡೆಯಿಂದ ಒಂದು ದೊಡ್ಡ ಗಾಡಿಯನ್ನು ನಾನೇ ಮುಂದೆ ನಿಂತು ಕೊಡಿಸಿದೆ. ಎಂಜಿನ್ ಸದ್ದು ಕೇಳಿದೆ, ಹೊಗೆ ನೋಡಿದೆ, ‘ಕಣ್ಮುಚ್ಚಿ ತಗೋ’ ಅಂದೆ. ಒಳಗೆ ಮಲ್ಲಿಗೆ ಸೆಂಟು ಘಮ್ಮೆನ್ನುತ್ತಿತ್ತು, ಯಾಕೆ ಇಷ್ಟೊಂದು ಹೊಡೆದಿದ್ದಾರೆ ಅಂತ ಹೊಳೆಯಲಿಲ್ಲ. ಎರಡು ತಿಂಗಳಿಗೆ ಎಡಗಡೆ ಕಿಟಕಿ ಇಳಿಯದಾಯಿತು, ಆಮೇಲೆ ಮೀಟರಿನ ದೀಪಗಳು ತಾವೇ ಹತ್ತಿ ಆರತೊಡಗಿದವು. ಒಂದು ದಿನ ಹಿಂದಿನ ಬೆಲ್ಟು ಪೂರ್ತಿ ಎಳೆದೆ. ಕೊನೆಯ ಒಂದು ಮೊಳ ಕೆಮ್ಮಣ್ಣಿನ ಬಣ್ಣ, ಸ್ಕೇಲು ಇಟ್ಟು ಗೆರೆ ಹೊಡೆದ ಹಾಗೆ. 2018ರ ಪ್ರವಾಹದಲ್ಲಿ ಮುಳುಗೆದ್ದ ಗಾಡಿ! ಸೀಟು, ಕಾರ್ಪೆಟ್ಟು ತೊಳೆದಿದ್ದರು, ಸುರುಳಿಯೊಳಗಿನ ಬೆಲ್ಟು ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಭಾವಮೈದ ಇವತ್ತಿಗೂ ಮದುವೆಮನೆ ಪಂಕ್ತಿಯಲ್ಲಿ ಕೂತು ಈ ಕಥೆ ತೆಗೆಯುತ್ತಾನೆ.

ಬೆಳಿಗ್ಗೆ ಬೇಗ ಹೋಗಿ, ಮೊದಲು ಬಾನೆಟ್ ಮೇಲೆ ಕೈ ಇಡಿ. ಬೆಚ್ಚಗಿದ್ದರೆ ಆಗಲೇ ಸ್ಟಾರ್ಟ್ ಮಾಡಿಟ್ಟಿದ್ದಾರೆ ಅಂತ ಲೆಕ್ಕ, ನಾಳೆ ಬರುತ್ತೇನೆಂದು ಎದ್ದು ಬನ್ನಿ. ತಣ್ಣಗಿನ ಎಂಜಿನ್ ಮಾತ್ರ ನಿಜ ಹೇಳುವುದು. ಓಡಿಸಿ ನೋಡಿದ ಮೇಲೆ ಹ್ಯಾಂಡ್‌ಬ್ರೇಕ್ ಎಳೆದು, ಮೂರನೇ ಗೇರಿಗೆ ಹಾಕಿ ನಿಧಾನಕ್ಕೆ ಕ್ಲಚ್ ಬಿಡಿ. ಎಂಜಿನ್ ಗಕ್ಕನೆ ಆಫ್ ಆಗಬೇಕು. ಉಸಿರೆಳೆಯುತ್ತಾ ಓಡುತ್ತಲೇ ಇದ್ದರೆ ಕ್ಲಚ್ ಮುಗಿದಿದೆ.

ರೇಟನ್ನು 8.5ರ ಆಸುಪಾಸಿಗೆ ಇಳಿಸಿ. ಉಳಿದದ್ದರಲ್ಲಿ ಒಂದೂವರೆ ಲಕ್ಷ ಮುಟ್ಟಬೇಡಿ, ಮೊದಲ ವರ್ಷದ ಟಯರು, ಬ್ರೇಕು, ಕ್ಲಚ್ಚಿಗೆ ಬೇಕಾಗುತ್ತದೆ. ಸಾಲವಿದ್ದ ಗಾಡಿಯಾದರೆ ಬ್ಯಾಂಕಿನ ಹೆಸರು ಆರ್‌ಸಿಯಿಂದ ಹೋಗಿದೆಯೇ ನೋಡಿ. ಇನ್ಶೂರೆನ್ಸ್ 14 ದಿನದೊಳಗೆ ನಿಮ್ಮ ಹೆಸರಿಗೆ ಮಾಡಿಸಿಕೊಳ್ಳಿ.

ಬೆಲ್ಟಿನ ಬಣ್ಣ ಅನುಮಾನ ಬಂದರೆ ಬಿಸಿಲಲ್ಲಿ ಫೋಟೋ ತೆಗೆದು ಪತ್ರಿಕೆಗೆ ಕಳಿಸಿ. ನೋಡಿ ಹೇಳುತ್ತೇನೆ, ಅಲ್ಲಿವರೆಗೂ ಮುಂಗಡ ಬೇಡ.